ಮಗನ ಹೆವಿ ಲೈಸೆನ್ಸಿಗೆ ಸಂಘದ ಸಾಲ: ಕೊಡುವ ಮುಂಚೆ ಕೇಳಬೇಕಾದ್ದು



ಕಳೆದ ಮಾರ್ಚಿಯಲ್ಲಿ, ರೊಬಸ್ಟಾ ಕೊಯ್ಲು ಮುಗಿಯುತ್ತಾ ಬಂದಿದ್ದಾಗ, ಬಿಕ್ಕೋಡು ಹೋಬಳಿಯ ಒಂದು ಸಂಘದ ವಾರದ ಸಭೆಗೆ ಹೋಗಿದ್ದೆವು. ಉಳಿತಾಯ ಕಟ್ಟಿ, ನಡಾವಳಿ ಓದಿ ಆದ ಮೇಲೆ ಒಬ್ಬ ಸದಸ್ಯೆ ಎದ್ದು ನಿಂತರು. "ಸಿಸ್ಟರ್, ನಮ್ ಹುಡ್ಗ ಹೆವಿ ಲೈಸೆನ್ಸ್ ಮಾಡಿಸ್ತಾನಂತೆ. ಡ್ರೈವಿಂಗ್ ಸ್ಕೂಲಿನೋರು ಮೂವತ್ತೈದು ಸಾವಿರ ಕೇಳ್ತಾವ್ರೆ. ಸಂಘದಿಂದ ಇಪ್ಪತ್ತೈದು ಕೊಟ್ರೆ ಮಿಕ್ಕಿದ್ದು ಹೆಂಗೋ ಹೊಂದಿಸ್ತೀನಿ" ಅಂದರು. ಕೂಡಲೇ ಇಬ್ಬರು ಮೂವರು, "ಕೊಡಾಣ ಬಿಡ್ರಕ್ಕ, ಒಳ್ಳೇ ಕೆಲ್ಸಕ್ಕೆ ತಾನೆ" ಅಂದರು. ಪ್ರತಿನಿಧಿ ಪೆನ್ನು ತೆಗೆದು ಬರೆಯೋಕೂ ಶುರು ಮಾಡಿದರು. ಒಂದು ವಾರ ತಡೆಯಿರಿ ಎಂದು ಹೇಳಿದವರು ನಾವು. ಕೆಲವರಿಗೆ ಬೇಜಾರಾಯಿತು. ಯಾಕೆ ಹಾಗೆ ಹೇಳಿದೆವು ಅನ್ನೋದನ್ನು ಎಲ್ಲ ಸಂಘಗಳಿಗೂ ತಿಳಿಸಬೇಕು ಅಂತಲೇ ಈ ಪಾಠ. ಸಭೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಿ.

ಮೊದಲು ನಮ್ಮದೇ ಒಂದು ತಪ್ಪು

ಕೆಲವು ವರ್ಷಗಳ ಹಿಂದೆ ಇನ್ನೊಂದು ಊರಿನ ಸಂಘದಲ್ಲಿ ಇದೇ ಮಾತು ಬಂದಿತ್ತು. ಎಸ್ಟೇಟ್ ಲೈನಿನಲ್ಲಿದ್ದ ತಾಯಿ, ಎರಡು ವರ್ಷ ಕ್ಲೀನರ್ ಆಗಿ ಓಡಾಡಿದ್ದ ಮಗ. ಮೂವತ್ತು ಸಾವಿರ ಸಾಲಕ್ಕೆ ಎಲ್ಲರೂ ಒಪ್ಪಿದರು. ನಾವೂ ಖುಷಿಯಿಂದ ಒಪ್ಪಿದೆವು. ಯಾವ ಸ್ಕೂಲು, ಎಷ್ಟು ದಿನ, ಎಷ್ಟು ಗಂಟೆ ಸ್ಟೇರಿಂಗ್ ಹಿಡಿಸುತ್ತಾರೆ ಎಂದು ಒಂದು ಪ್ರಶ್ನೆ ಕೇಳಲಿಲ್ಲ. ಮನೆ ರಿಪೇರಿಗೆ ಸಾಲ ಕೇಳಿದರೆ ಹಂಚು ಎಷ್ಟು, ಗಾರೆಯವನ ಕೂಲಿ ಎಷ್ಟು ಎಂದು ಕೇಳುವ ನಾವು ಇಲ್ಲಿ ಸುಮ್ಮನಿದ್ದೆವು.

ದುಡ್ಡನ್ನೆಲ್ಲ ಮೊದಲ ದಿನವೇ ಕಟ್ಟಿದರು. ಒಂದು ಹಳೇ ಲಾರಿ, ಹತ್ತು ಹುಡುಗರು. ಒಬ್ಬೊಬ್ಬನಿಗೆ ದಿನಕ್ಕೆ ಕಾಲು ಗಂಟೆ. ಒಂಬತ್ತು ದಿನ ನಡೆದು ಲಾರಿ ಕೆಟ್ಟು ನಿಂತಿತು, ಆಮೇಲೆ ತರಗತಿಯೇ ಇಲ್ಲ. ಲೆಕ್ಕ ಹಾಕಿ ನೋಡಿ: ಒಟ್ಟು ಎರಡೂಕಾಲು ಗಂಟೆ. ಆದರೂ ಲೈಸೆನ್ಸ್ ಮಾತ್ರ ಬಂತು. ಹೇಗೆ ಬಂತು ಅಂತ ನೀವೇ ಊಹಿಸಿಕೊಳ್ಳಿ.

ಲೈಸೆನ್ಸ್ ಇದ್ದರೂ ಆ ಹುಡುಗನ ಕೈಗೆ ಯಾರೂ ಗಾಡಿ ಕೊಡಲಿಲ್ಲ. ಈ ಕಡೆ ಸಂಘದ ಕಂತು ನಿಂತಿತು. ಆಗ ಹೊರಗಿನ ಊರಿನ ಒಬ್ಬ ಲಾರಿ ಮಾಲೀಕ ಮನೆಗೇ ಬಂದು ತಾಯಿಗೆ ನಲವತ್ತು ಸಾವಿರ ಅಡ್ವಾನ್ಸ್ ಕೊಟ್ಟ. ಅವರು ಸಂಘದ ಸಾಲ ಪೂರ್ತಿ ತೀರಿಸಿದರು. ಸಭೆಯಲ್ಲಿ ನಾವು ಚಪ್ಪಾಳೆ ತಟ್ಟಿಸಿದೆವು! ಹುಡುಗನ ಒರಿಜಿನಲ್ ಲೈಸೆನ್ಸ್, ಆಧಾರ್ ಎರಡನ್ನೂ ಮಾಲೀಕ ಇಟ್ಟುಕೊಂಡಿದ್ದು ನಮಗೆ ಗೊತ್ತಾದದ್ದು ಒಂದು ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಟೈರ್ ಸಿಡಿದದ್ದು, ಡೀಸೆಲ್ ಕಡಿಮೆ ಬಂದದ್ದು, ಪೊಲೀಸರ ದಂಡ, ಎಲ್ಲವನ್ನೂ ಅವನ ಲೆಕ್ಕಕ್ಕೆ ಬರೆದು ನಲವತ್ತು ಹೋಗಿ ಅರವತ್ತು ಚಿಲ್ಲರೆ ಆಗಿತ್ತು. ಜ್ವರ ಬಂದು ಊರಿಗೆ ಬಂದವನನ್ನು ಕರೆದುಕೊಂಡು ಹೋಗಲು ಜೀಪಿನಲ್ಲಿ ಜನ ಬಂದರು. ಪಂಚಾಯ್ತಿ ಸದಸ್ಯರನ್ನು ಕರೆದುಕೊಂಡು ಪೊಲೀಸ್ ಠಾಣೆಗೆ ಮೂರು ಸಲ ಅಲೆದ ಮೇಲೆ ಕಾಗದಪತ್ರ ವಾಪಸ್ ಸಿಕ್ಕಿತು. ಆ ಹುಡುಗ ಈಗ ತೋಟದ ಕೂಲಿಗೆ ಹೋಗುತ್ತಾನೆ. ಲೈಸೆನ್ಸ್ ಟ್ರಂಕಿನಲ್ಲಿದೆ.

ಮುಂಗಡ ಕೊಟ್ಟು, ಅದು ತೀರುವ ತನಕ ಬೇರೆ ಕಡೆ ಹೋಗದಂತೆ ಕಟ್ಟಿಹಾಕಿ ದುಡಿಸಿಕೊಳ್ಳುವುದಕ್ಕೆ ನಮ್ಮ ದೇಶದಲ್ಲಿ ಒಂದು ಹೆಸರಿದೆ: ಜೀತ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಗದ್ದೆ ತೋಟಕ್ಕೆ ಮಾತ್ರ ಅಲ್ಲ, ಲಾರಿಗೂ ಅನ್ವಯಿಸುತ್ತದೆ. ಅಂಥ ಸಾಲ ತೀರಿಸಬೇಕಾಗಿಲ್ಲ ಎಂದೇ ಆ ಕಾಯ್ದೆ ಹೇಳುತ್ತದೆ. ದೂರು ಕೊಡಬೇಕಾದ್ದು ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿಗಳಿಗೆ. ಇದು ನಮಗೆ ಪುಸ್ತಕದಲ್ಲಿ ಓದಿ ಗೊತ್ತಿತ್ತು. ಕಣ್ಣ ಮುಂದೆ ಇದ್ದಾಗ ಗುರುತಿಸಲಿಲ್ಲ.

ದುಡ್ಡಿಗಿಂತ ಮುಂಚೆ ಕಾರ್ಡು ನೋಡಿ

ಈಗ ಮಾರ್ಚಿಯ ಸಭೆಗೆ ಬರೋಣ. ಮುಂದಿನ ವಾರ ಮಗನನ್ನೂ ಕರೆದುಕೊಂಡು ಬನ್ನಿ, ಅವನ ಲೈಸೆನ್ಸ್ ಕಾರ್ಡನ್ನೂ ತನ್ನಿ ಎಂದಿದ್ದೆವು. ಹುಡುಗ ಬಂದ, ವಯಸ್ಸು 21. ಕಾರ್ಡು ನೋಡಿದರೆ ಕಾರಿನ ಲೈಸೆನ್ಸ್, ಅಂದರೆ ಎಲ್‌ಎಂವಿ, ಆಗಿ ಬರೀ ಐದು ತಿಂಗಳು.

ಇಲ್ಲಿ ಕಾನೂನು ಸ್ವಲ್ಪ ತಿಳಿದುಕೊಳ್ಳಿ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಕಾರಿನಂಥ ಸ್ವಂತ ಬಳಕೆಯ ಗಾಡಿಗೆ 18 ವರ್ಷ ಸಾಕು. ಸಾರಿಗೆ ವಾಹನದ ಲೈಸೆನ್ಸಿಗೆ 20 ಆಗಿರಬೇಕು. ಅದರ ಮೇಲೆ, ಲಘು ವಾಹನದ ಲೈಸೆನ್ಸ್ ಕೈಗೆ ಬಂದು ಒಂದು ವರ್ಷ ತುಂಬದೆ ಹೆವಿಗೆ ಎಲ್‌ಎಲ್‌ಆರ್ ಕೂಡ ಕೊಡುವಂತಿಲ್ಲ. ಎಲ್‌ಎಲ್‌ಆರ್ ಆದ ಮೇಲೆ 30 ದಿನ ಕಳೆಯಬೇಕು, ಆಮೇಲೆ ಪರೀಕ್ಷೆ. ಹೀಗಿರುವಾಗ ಆ ಸ್ಕೂಲಿನವರು ಈಗಲೇ ಮೂವತ್ತೈದು ಸಾವಿರ ಯಾಕೆ ಕೇಳಿದರು? "ತಾರೀಖು ನಾವು ನೋಡ್ಕೋತೀವಿ ಅಂದ್ರು" ಅಂತ ಹುಡುಗ ಮೆಲ್ಲಗೆ ಹೇಳಿದ. ತಾರೀಖು ತಿದ್ದಿದ ಲೈಸೆನ್ಸ್ ಹಿಡಿದು ಲಾರಿ ಓಡಿಸಿ ಯಾರಿಗಾದರೂ ಪೆಟ್ಟಾದರೆ, ಇನ್ಶೂರೆನ್ಸ್ ಕಂಪನಿ ಡ್ರೈವರನ ಲೈಸೆನ್ಸೇ ಸರಿಯಿಲ್ಲ ಅನ್ನುತ್ತದೆ. ಪರಿಹಾರದ ದುಡ್ಡು ಮಾಲೀಕನ ತಲೆಗೆ ಬರುತ್ತದೆ. ಮಾಲೀಕ ಅದನ್ನು ಯಾರ ತಲೆಗೆ ಹಾಕುತ್ತಾನೆ ಅಂತ ಬಿಡಿಸಿ ಹೇಳಬೇಕಿಲ್ಲ.

ಹುಡುಗ 7ನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಹಿಂದೆ ಸಾರಿಗೆ ಲೈಸೆನ್ಸಿಗೆ 8ನೇ ತರಗತಿ ಪಾಸಾಗಿರಬೇಕಿತ್ತು. ಅದಕ್ಕೇ ಎಷ್ಟೋ ಜನ ಸುಳ್ಳು ಟಿ.ಸಿ.ಗೆ ದುಡ್ಡು ಕೊಟ್ಟು ಕೆಟ್ಟರು. 2019ರಲ್ಲಿ ಕೇಂದ್ರ ಸರ್ಕಾರ ಆ ನಿಯಮ ತೆಗೆದುಹಾಕಿತು. "ಟಿ.ಸಿ. ಮಾಡಿಸಿಕೊಡ್ತೀವಿ, ಅದಕ್ಕೆ ಬೇರೆ ಚಾರ್ಜು" ಎಂದು ಯಾರಾದರೂ ಕೇಳಿದರೆ ಎದ್ದು ಬನ್ನಿ.

ಇನ್ನೊಂದು ವಿಷಯ ನಮ್ಮ ಅನೇಕ ಸದಸ್ಯೆಯರಿಗೆ ಗೊತ್ತಿಲ್ಲ. ಗಾಡಿ ಮತ್ತು ಲೋಡು ಸೇರಿ ಒಟ್ಟು ತೂಕ 7,500 ಕಿಲೋ ಮೀರದ ಗೂಡ್ಸ್ ಗಾಡಿಯನ್ನು, ಅಂದರೆ ಟಾಟಾ ಏಸ್, ಪಿಕಪ್ ಅಂಥವನ್ನು, ಎಲ್‌ಎಂವಿ ಲೈಸೆನ್ಸಿನಲ್ಲೇ ಓಡಿಸಬಹುದು, ಬೇರೆ ಸಾರಿಗೆ ಲೈಸೆನ್ಸ್ ಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. 2024ರ ನವೆಂಬರಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಎತ್ತಿಹಿಡಿಯಿತು. ಅಂದಮೇಲೆ ಆ ಒಂದು ವರ್ಷ ಹುಡುಗ ಕೈಕಟ್ಟಿ ಕೂರಬೇಕಾಗಿಲ್ಲ. ತರಕಾರಿ, ಶುಂಠಿ, ಗೊಬ್ಬರದ ಮೂಟೆ ಸಾಗಿಸುತ್ತಾ ದುಡಿಯಬಹುದು, ಹೆವಿ ಫೀಸಿನ ಅರ್ಧವನ್ನು ತಾನೇ ಕೂಡಿಡಬಹುದು. ನಮ್ಮ ಅಭಿಪ್ರಾಯದಲ್ಲಿ ಇದೇ ಸರಿಯಾದ ದಾರಿ. ಚಿಕ್ಕ ಗಾಡಿಯಲ್ಲಿ ರಿವರ್ಸ್ ತೆಗೆಯಲು ಬಾರದವನು ಲಾರಿಯಲ್ಲಿ ಶಿರಾಡಿ ಇಳಿಯುವುದು ಬೇಡ.

ಈ ಮಾತಿನ ನಡುವೆ ಒಂದು ಎಚ್ಚರಿಕೆ. ಪಿಕಪ್ ಓಡಿಸುವ ನಮ್ಮ ಹುಡುಗರಿಗೆ ಬೆಳಿಗ್ಗೆ ತೋಟಕ್ಕೆ ಹೆಂಗಸರನ್ನು ತುಂಬಿಕೊಂಡು ಬಾ ಅಂತ ಹೇಳುತ್ತಾರೆ. ನಿಮ್ಮಲ್ಲೇ ಬಹಳ ಜನ ಹಾಗೆ ಹೋಗುತ್ತೀರಿ. ಗೂಡ್ಸ್ ಗಾಡಿಯಲ್ಲಿ ಕೂತ ಜನಕ್ಕೆ ಅಪಘಾತವಾದರೆ ಇನ್ಶೂರೆನ್ಸ್ ಕಂಪನಿಗಳು ಪರಿಹಾರ ಕೊಡಲು ಒಪ್ಪುವುದಿಲ್ಲ, ಕೇಸು ಮಾತ್ರ ಡ್ರೈವರನ ಮೇಲೆ ಬೀಳುತ್ತದೆ. ಮಗ ಒಲ್ಲೆ ಅಂದರೆ ಬೈಯಬೇಡಿ, ಅವನು ಸರಿಯಾಗಿಯೇ ಹೇಳುತ್ತಿದ್ದಾನೆ.

ಫೀಸು ಹೇಗೆ ಕಟ್ಟಬೇಕು

ಕಣ್ಣು ಮೊದಲು. ಸಾರಿಗೆ ಲೈಸೆನ್ಸಿಗೆ ಡಾಕ್ಟರ ಸರ್ಟಿಫಿಕೇಟ್ ಕಡ್ಡಾಯ. ದೃಷ್ಟಿ ಸರಿಯಿದೆಯಾ, ಕೆಂಪು ಹಸಿರು ಬೇರೆ ಬೇರೆಯಾಗಿ ಕಾಣುತ್ತಾ ಎಂದು ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲೇ ತೋರಿಸಿಕೊಂಡು ಬನ್ನಿ. ಫೀಸು ಕಟ್ಟಿದ ಮೇಲೆ ಕಣ್ಣಿನ ದೋಷ ಗೊತ್ತಾದರೆ ಆ ದುಡ್ಡು ವಾಪಸ್ ಬರುವುದಿಲ್ಲ.

ಕಾಸಿಲ್ಲದೆ ಕಲಿಯುವ ಜಾಗ ಇದೆಯಾ ಅಂತಲೂ ನೋಡಿ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಜಿಲ್ಲೆ ಜಿಲ್ಲೆಯಲ್ಲೂ ಬ್ಯಾಂಕುಗಳ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿವೆ. ಊಟ ವಸತಿ ಸಮೇತ ಉಚಿತ. ಅವರ ಕೋರ್ಸುಗಳ ಪಟ್ಟಿಯಲ್ಲಿ ಲಘು ವಾಹನ ಚಾಲನೆಯೂ ಇದೆ. ಪರಿಶಿಷ್ಟ ಜಾತಿ, ಪಂಗಡದ ಹುಡುಗರಿಗೆ ಸರ್ಕಾರದ ಖರ್ಚಿನಲ್ಲಿ ಕೆಎಸ್ಆರ್‌ಟಿಸಿ ತರಬೇತಿ ಕೇಂದ್ರಗಳಲ್ಲಿ ಹೆವಿ ತರಬೇತಿ ಬ್ಯಾಚುಗಳು ನಡೆದಿವೆ. ಸಮಾಜ ಕಲ್ಯಾಣ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ, ಅಲ್ಪಸಂಖ್ಯಾತರಾದರೆ ಆ ಇಲಾಖೆಯ ಕಚೇರಿಯಲ್ಲಿ, ಈ ವರ್ಷ ಅರ್ಜಿ ಕರೆದಿದ್ದಾರಾ ಎಂದು ಹೋಗಿ ಕೇಳಿ. ಫೋನಿನಲ್ಲಿ ಕೇಳಿದರೆ ಇಲ್ಲ ಅಂದುಬಿಡುತ್ತಾರೆ, ಇದು ನಮ್ಮ ಅನುಭವ.

ಖಾಸಗಿ ಸ್ಕೂಲೇ ಗತಿ ಅಂತಾದರೆ ಸಂಘದಿಂದ ಇಬ್ಬರು ತಾಯಿಯ ಜೊತೆ ಹೋಗಿ. ಗೋಡೆಯ ಮೇಲೆ ಆರ್‌ಟಿಓ ಕೊಟ್ಟ ಸ್ಕೂಲಿನ ಲೈಸೆನ್ಸ್ ಇದೆಯಾ ನೋಡಿ, ಅದರ ಅವಧಿ ಮುಗಿದಿಲ್ಲ ತಾನೆ ನೋಡಿ. ಹೆವಿ ಕಲಿಸುವ ಗಾಡಿ ಅವರ ಹತ್ತಿರ ನಿಜವಾಗಲೂ ಇದೆಯಾ, ಓಡುತ್ತದಾ? ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ಸಾರಿಗೆ ವಾಹನದ ತರಬೇತಿ 30 ದಿನಕ್ಕೆ ಕಡಿಮೆ ಇರಬಾರದು, ಒಬ್ಬೊಬ್ಬ ಹುಡುಗ ಕನಿಷ್ಠ 15 ಗಂಟೆ ಸ್ಟೇರಿಂಗ್ ಹಿಡಿದಿರಬೇಕು. ಪಕ್ಕದಲ್ಲಿ ಕೂತ ಗಂಟೆ ಲೆಕ್ಕಕ್ಕಿಲ್ಲ. ಯಾರು ಯಾವ ದಿನ ಎಷ್ಟು ಹೊತ್ತು ಓಡಿಸಿದರು ಎಂದು ಬರೆಯುವ ರಿಜಿಸ್ಟರನ್ನು ಸ್ಕೂಲು ಇಡಲೇಬೇಕು, ಅದು 15ನೇ ನಮೂನೆ. "ಆ ಬುಕ್ಕು ತೋರಿಸಿ ಸಾರ್" ಎಂದು ಕೇಳಿ. ನಿಮ್ಮ ಸಂಘದ ಲೆಡ್ಜರನ್ನು ಆಡಿಟ್‌ನವರು ಕೇಳಿದಾಗ ನೀವು ತೋರಿಸುವುದಿಲ್ಲವಾ, ಹಾಗೇ. 2021ರ ಜುಲೈನಿಂದ ಜಾರಿಯಲ್ಲಿರುವ ನಿಯಮದಡಿ ಮಾನ್ಯತೆ ಪಡೆದ ದೊಡ್ಡ ತರಬೇತಿ ಕೇಂದ್ರಗಳಲ್ಲಾದರೆ ಹೆವಿ ಕೋರ್ಸು ಆರು ವಾರದಲ್ಲಿ 38 ಗಂಟೆ.

ಸರ್ಕಾರಕ್ಕೆ ಕಟ್ಟುವ ದುಡ್ಡು ಬಹಳ ಇಲ್ಲ. 2016ರ ಡಿಸೆಂಬರಿನಲ್ಲಿ ಕೇಂದ್ರ ನಿಗದಿ ಮಾಡಿದಂತೆ ಎಲ್‌ಎಲ್‌ಆರ್‌ಗೆ 150, ಚಾಲನಾ ಪರೀಕ್ಷೆಗೆ 300, ಇರುವ ಲೈಸೆನ್ಸಿಗೆ ಹೊಸ ವರ್ಗ ಸೇರಿಸಲು 500 ರೂಪಾಯಿ. ಸಣ್ಣಪುಟ್ಟದ್ದು ಇನ್ನೊಂದಿಷ್ಟು ಸೇರಿಸಿಕೊಳ್ಳಿ. ಮೂವತ್ತೈದು ಸಾವಿರದಲ್ಲಿ ಉಳಿದದ್ದೆಲ್ಲ ಕಲಿಸುವುದಕ್ಕೆ ಕೊಡುವ ದುಡ್ಡು. ಆದ್ದರಿಂದ ಕಲಿಸಿದಷ್ಟಕ್ಕೆ ಕೊಡಿ. ನಾವು ಆ ಸಂಘಕ್ಕೆ ಸೂಚಿಸಿದ್ದು ಮೂರು ಕಂತು: ಸೇರುವಾಗ ಒಂದು ಪಾಲು, ರಿಜಿಸ್ಟರಿನಲ್ಲಿ ಎಂಟು ಗಂಟೆ ಬಿದ್ದಾಗ ಒಂದು ಪಾಲು, 15 ಗಂಟೆ ಮುಗಿದು ತರಬೇತಿಯ ಪ್ರಮಾಣಪತ್ರ ಕೈಗೆ ಬಂದಾಗ ಕೊನೆಯದು. ಪ್ರತಿ ಸಲವೂ ರಸೀತಿ. ಒಪ್ಪದ ಸ್ಕೂಲನ್ನು ಬಿಡಿ, ಹಾಸನದಲ್ಲಿ ಬೇರೆ ಇವೆ.

ಸಾಲದ ಬಡ್ಡಿ ವಿಷಯ ನಿಮಗೆ ನಾವು ಹೇಳಿಕೊಡಬೇಕಿಲ್ಲ, ಆದರೂ ಒಂದು ಸಲ ಬೋರ್ಡಿನ ಮೇಲೆ ಬರೆದು ನೋಡಿ. 25,000 ಸಾಲ, ಹತ್ತು ತಿಂಗಳು, ತಿಂಗಳಿಗೆ ಅಸಲು 2,500. ನೂರಕ್ಕೆ ಎರಡು ರೂಪಾಯಿ ಬಡ್ಡಿಯನ್ನು ಉಳಿದ ಅಸಲಿನ ಮೇಲೆ ಹಾಕಿದರೆ ಒಟ್ಟು ಬಡ್ಡಿ 2,750. ಅದೇ ಎರಡು ರೂಪಾಯಿಯನ್ನು ಕೊನೇ ತನಕ ಪೂರ್ತಿ 25,000ದ ಮೇಲೆ ಹಾಕಿದರೆ 5,000. ಊರಿನ ಕೈಸಾಲ ಐದು ರೂಪಾಯಿ ಬಡ್ಡಿಯದಾದರೆ 12,500, ಸಾಲದ ಅರ್ಧದಷ್ಟು ದುಡ್ಡು ಬಡ್ಡಿಗೇ ಹೋಯಿತು. ಇನ್ನು ಮನೆ ಬಾಗಿಲಿಗೆ ಬರುವ ಫೈನಾನ್ಸಿನವರ ಕಾಟದ ಬಗ್ಗೆ ಕರ್ನಾಟಕ ಸರ್ಕಾರ 2025ರಲ್ಲಿ ಕಾನೂನೇ ತರಬೇಕಾಯಿತು. ಹಾಗಾಗಿ ಮೂರು ಕಂತು ಅಂದರೆ ಸಂಘಕ್ಕೂ ಸುಲಭ, ತಾಯಿಗೂ ಬಡ್ಡಿ ಕಡಿಮೆ.

ಮೊದಲ ಮಾಲೀಕ

ಮದುವೆಗೆ ಹುಡುಗನ ಮನೆ ನೋಡಲು ಹೋದಾಗ ನಾವು ಎಷ್ಟು ವಿಚಾರಿಸುತ್ತೇವೆ! ಮಗ ವಾರಗಟ್ಟಲೆ ರಾತ್ರಿ ಹಗಲು ಯಾರ ಗಾಡಿಯಲ್ಲಿ ಇರುತ್ತಾನೆ ಅನ್ನೋದನ್ನು ಮಾತ್ರ ವಿಚಾರಿಸುವುದಿಲ್ಲ. "ಹೆಚ್ಚು ಸಂಬಳ ಯಾರು ಕೊಡ್ತಾರೋ ಅಲ್ಲಿಗೆ" ಅನ್ನುತ್ತೇವೆ. ಮೊದಲ ವರ್ಷ ಸಂಬಳಕ್ಕಿಂತ ಬೇರೆ ಮೂರು ನಾಲ್ಕು ಸಂಗತಿ ದೊಡ್ಡವು.

ಎಲ್ಲಕ್ಕಿಂತ ಮೊದಲು: ಅಡ್ವಾನ್ಸ್ ಬೇಡ. ಒರಿಜಿನಲ್ ಲೈಸೆನ್ಸ್ ಕೊಡುವುದು ಬೇಡ. "ಲೈಸೆನ್ಸ್ ನಾನೇ ಮಾಡಿಸ್ತೀನಿ, ಎರಡು ವರ್ಷ ನನ್ ಹತ್ರ ದುಡೀಲಿ" ಎಂದು ಹೇಳುವ ಮಾಲೀಕ ಕೆಟ್ಟವನೇ ಆಗಿರಬೇಕಿಲ್ಲ. ಆದರೆ ಬಿಟ್ಟು ಹೋದರೆ ಎಷ್ಟು ಕೊಡಬೇಕು, ತಿಂಗಳಿಗೆ ಎಷ್ಟು ಹಿಡಿಯುತ್ತಾರೆ ಎಂದು ಕಾಗದದಲ್ಲಿ ಬರೆದು, ಒಂದು ಪ್ರತಿ ನಿಮ್ಮ ಕೈಗೆ ಬರದಿದ್ದರೆ ಒಪ್ಪಬೇಡಿ. ದಾರಿಯಲ್ಲಿ ಪೊಲೀಸರಿಗೆ ತೋರಿಸಲು ಮೊಬೈಲಿನ ಡಿಜಿಲಾಕರ್ ಪ್ರತಿ ಸಾಕು ಎಂದು 2018ರಲ್ಲೇ ನಿಯಮ ಬಂದಿದೆ. ಮಾಲೀಕನಿಗೆ ಒರಿಜಿನಲ್ ಕಾರ್ಡಿನಿಂದ ಆಗುವ ಕೆಲಸ ಏನೂ ಇಲ್ಲ, ಹುಡುಗನನ್ನು ಹಿಡಿದಿಟ್ಟುಕೊಳ್ಳುವುದೊಂದನ್ನು ಬಿಟ್ಟು.

ಗಾಡಿ ನಂಬರ್ ಕೇಳಿ ಬರೆದುಕೊಂಡು ಬನ್ನಿ. ಇನ್ಶೂರೆನ್ಸ್, ಎಫ್‌ಸಿ ಯಾವಾಗ ಮುಗಿಯುತ್ತದೆ ಎಂದು ಎಂಪರಿವಾಹನ್ ಆ್ಯಪಿನಲ್ಲಿ ನೋಡಬಹುದು, ಓದುವ ಮಕ್ಕಳು ಯಾರಾದರೂ ಎರಡು ನಿಮಿಷದಲ್ಲಿ ತೆಗೆದುಕೊಡುತ್ತಾರೆ. ಎಫ್‌ಸಿ ಇಲ್ಲದ ಲಾರಿಯ ಬ್ರೇಕಿನ ಮೇಲೆ ನಿಮ್ಮ ಮಗನ ಜೀವ ನಿಂತಿರುತ್ತದೆ. ಓವರ್‌ಲೋಡ್ ಮಾಡಿಸುತ್ತಾರಾ ಎಂದು ಅದೇ ಮಾಲೀಕನ ಹಳೇ ಡ್ರೈವರನ್ನು ಕೇಳಿ. 2019ರ ತಿದ್ದುಪಡಿಯಂತೆ ಓವರ್‌ಲೋಡಿಗೆ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ ಇನ್ನೂ 2,000. ಡ್ರೈವರ್ ಬೇರೆ, ಮಾಲೀಕ ಬೇರೆ ಆಗಿದ್ದರೆ ಅದು ಮಾಲೀಕನಿಗೆ ಗೊತ್ತಿದ್ದೇ ನಡೆದದ್ದು ಎಂದು ಕೋರ್ಟು ಭಾವಿಸಬಹುದು ಅಂತ ಕಾಯ್ದೆಯೇ ಹೇಳುತ್ತದೆ. ಹಾಗಿರುವಾಗ ಆ ದಂಡವನ್ನು ಹುಡುಗನ ಸಂಬಳದಲ್ಲಿ ಹಿಡಿಯುವುದು ಯಾವ ನ್ಯಾಯ?

ಸಂಬಳದ ಮಾತು ಬಿಡಿಸಿ ಬಿಡಿಸಿ ಕೇಳಿ. ತಿಂಗಳಿಗಾ, ಟ್ರಿಪ್ಪಿಗಾ, ಕಿಲೋಮೀಟರಿಗಾ? ಬಾಟಾ ಬೇರೆ ಕೊಡುತ್ತಾರಾ, ಅದರಲ್ಲೇ ಊಟ ಕ್ಲೀನರ್ ಎಲ್ಲ ಸೇರಿತಾ? ಲೋಡಿಗಾಗಿ ಎರಡು ದಿನ ಕಾದರೆ ಆ ದಿನದ್ದು ಇದೆಯಾ? ಟೈರು, ಡೀಸೆಲ್, ಮಾಲು ಕಡಿಮೆ ಬಂದರೆ ಯಾರ ಲೆಕ್ಕ? ಟ್ರಿಪ್ಪಿಗೆ ಇಷ್ಟು ಅನ್ನುವ ಕಡೆ ಹುಡುಗರು ನಿದ್ದೆಗೆಟ್ಟು ಓಡಿಸುತ್ತಾರೆ. ಮೋಟಾರು ಸಾರಿಗೆ ಕಾರ್ಮಿಕರಿಗೆ ದಿನಕ್ಕೆ 8 ಗಂಟೆ ಕೆಲಸ ಎಂದು 1961ರಲ್ಲೇ ಕಾಯ್ದೆ ಆಗಿತ್ತು. ಅದು ಈಗ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿದೆ, ಅದರಲ್ಲೂ 8 ಗಂಟೆಯೇ. ನೇಮಕಾತಿ ಪತ್ರ ಕೊಡಬೇಕು ಅಂತಲೂ ಈ ಸಂಹಿತೆ ಹೇಳುತ್ತದೆ. ಒಂದೇ ಲಾರಿ ಇರುವ ಮಾಲೀಕ ಪತ್ರ ಗಿತ್ರ ಅಂದರೆ ನಗುತ್ತಾನೆ, ಗೊತ್ತು. ಆದರೆ ಅವನು ಮೊಬೈಲಿನಲ್ಲಿ ಕಳಿಸಿದ ಒಂದು ಮೆಸೇಜ್, ಸಂಬಳ ಬ್ಯಾಂಕ್ ಖಾತೆಗೆ ಬಿದ್ದ ಒಂದು ಎಂಟ್ರಿ, ಇವೂ ನಾಳೆ ಸಾಕ್ಷಿಯಾಗುತ್ತವೆ. ನಗದು ಬೇಡ, ಖಾತೆಗೆ ಹಾಕಿ ಎಂದು ಕೇಳಿ.

ಯಾವ ರಸ್ತೆ ಅನ್ನೋದೂ ಮುಖ್ಯ. ಮೊದಲ ವರ್ಷ ಸಂಜೆಗೆ ಮನೆ ಸೇರುವ ಲೋಡು ಒಳ್ಳೇದು: ತೋಟದಿಂದ ಕಾಫಿ ಕ್ಯೂರಿಂಗಿಗೆ, ಅರಸೀಕೆರೆ ಕಡೆಯ ತೆಂಗಿನಕಾಯಿ, ಹಾಸನದ ಮಾರ್ಕೆಟ್ಟಿಗೆ ಆಲೂಗಡ್ಡೆ. ಬೆಳಗಿನ ಜಾವ ಬಿಕ್ಕೋಡು ರಸ್ತೆಯಲ್ಲಿ ಆನೆ ನಿಂತಿದ್ದರೆ ಏನು ಮಾಡಬೇಕು ಅಂತ ನಮ್ಮ ಹುಡುಗರಿಗೆ ಯಾವ ಸ್ಕೂಲಿನವರೂ ಕಲಿಸಬೇಕಿಲ್ಲ, ಅದು ಅವರಿಗೇ ಗೊತ್ತು. ಮಳೆಗಾಲದ ಶಿರಾಡಿ ಬೇರೆ ಮಾತು. ಅಲ್ಲಿಗೆ ಹೋಗುವುದಾದರೆ ಹಿರಿಯ ಡ್ರೈವರನ ಜೊತೆ ಎರಡನೆಯವನಾಗಿ ಆರು ತಿಂಗಳು ಹೋಗಲಿ. ಗ್ಯಾಸ್ ಟ್ಯಾಂಕರಿಗೆ ಸಂಬಳ ಜಾಸ್ತಿ ಎಂದು ಕೆಲವರು ಆಸೆಪಡುತ್ತಾರೆ. ಅದಕ್ಕೆ ಮೂರು ದಿನದ ಪ್ರತ್ಯೇಕ ತರಬೇತಿ ಆಗಿ ಲೈಸೆನ್ಸಿನಲ್ಲಿ ನಮೂದಾಗಿರಬೇಕು, ಕನ್ನಡದಂಥ ಒಂದು ಭಾರತೀಯ ಭಾಷೆಯ ಜೊತೆ ಇಂಗ್ಲಿಷ್ ಓದು ಬರಹವೂ ಗೊತ್ತಿರಬೇಕು. ಹೊಸಬರಿಗೆ ಅದು ಬೇಡವೇ ಬೇಡ.

ಕೊನೆಗೆ ಅಪಘಾತದ ಮಾತು. ಇದನ್ನು ಸಭೆಯಲ್ಲಿ ಆಡಿದರೆ ಅಪಶಕುನ ಎಂದು ಒಬ್ಬ ಅಜ್ಜಿ ನಮ್ಮನ್ನು ಗದರಿದರು. ಆಡದೇ ಇದ್ದರೆ ಆಗುವುದು ತಪ್ಪುತ್ತದಾ? ಪೆಟ್ಟಾದವರನ್ನು ಆಸ್ಪತ್ರೆಗೆ ಸೇರಿಸುವುದು, ಪೊಲೀಸರಿಗೆ ತಿಳಿಸುವುದು ಡ್ರೈವರನ ಕರ್ತವ್ಯ. ಅಜಾಗರೂಕತೆಯಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಐದು ವರ್ಷದವರೆಗೆ ಶಿಕ್ಷೆ ಇದೆ, ಹಿಂದೆ ಎರಡು ವರ್ಷ ಇತ್ತು. ಹೇಳದೆ ಓಡಿಹೋದರೆ ಹತ್ತು ವರ್ಷ ಎನ್ನುವ ಭಾಗಕ್ಕೆ 2024ರ ಜನವರಿಯಲ್ಲಿ ದೇಶದ ಉದ್ದಕ್ಕೂ ಲಾರಿ ಡ್ರೈವರುಗಳು ವಿರೋಧ ಮಾಡಿದರು. ಆ ವರ್ಷ ಜುಲೈನಲ್ಲಿ ಸಂಹಿತೆ ಜಾರಿಯಾದಾಗ ಆ ಭಾಗವನ್ನು ತಡೆಹಿಡಿದರು. ಹುಡುಗನಿಗೇ ಏನಾದರೂ ಆದರೆ? ಖಾಸಗಿ ಸಾರಿಗೆ ಕಾರ್ಮಿಕರಿಗೆ ಅಪಘಾತದಲ್ಲಿ ಸಾವಾದರೆ ಕುಟುಂಬಕ್ಕೆ 5 ಲಕ್ಷ ರೂಪಾಯಿ ಕೊಡುವ ಯೋಜನೆ ನಮ್ಮ ರಾಜ್ಯದ ಕಾರ್ಮಿಕ ಇಲಾಖೆಯಲ್ಲಿದೆ. 2024ರಲ್ಲಿ ಮೋಟಾರು ಸಾರಿಗೆ ಕಾರ್ಮಿಕರ ಕಲ್ಯಾಣಕ್ಕೆಂದೇ ರಾಜ್ಯ ಕಾಯ್ದೆ ಮಾಡಿ ಮಂಡಳಿಯನ್ನೂ ಮಾಡಿದೆ. ಲೈಸೆನ್ಸ್ ಬಂದ ವಾರವೇ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಹೋಗಿ ಹೆಸರು ನೋಂದಾಯಿಸಿ ಬನ್ನಿ. ನಾಮಿನಿ ಜಾಗದಲ್ಲಿ ತಾಯಿಯದೋ ಹೆಂಡತಿಯದೋ ಹೆಸರನ್ನು ಖಾಲಿ ಬಿಡದೆ ಬರೆಸಿ.

ಸಭೆಯಲ್ಲಿ ಮಾತಾಡಿಕೊಳ್ಳಿ

ನಿಮ್ಮ ಸಂಘದಲ್ಲಿ ಯಾರ ಮನೆಯಲ್ಲಿ ಡ್ರೈವರ್ ಇದ್ದಾರೆ? ಅವರ ಲೈಸೆನ್ಸ್ ಈ ಹೊತ್ತು ಯಾರ ಹತ್ತಿರ ಇದೆ? ಸಾರಿಗೆ ಲೈಸೆನ್ಸ್ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ಅವರದ್ದು ಯಾವಾಗ ಮುಗಿಯುತ್ತದೆ? ಯಾರಾದರೂ ಮಾಲೀಕರಿಂದ ಅಡ್ವಾನ್ಸ್ ತಂದು ಸಂಘದ ಕಂತು ಕಟ್ಟಿದ್ದಾರಾ? ಈ ಕೊನೆಯ ಪ್ರಶ್ನೆಯನ್ನು ಎಲ್ಲರ ಎದುರು ಕೇಳಬೇಡಿ, ಪ್ರತಿನಿಧಿ ಮನೆಗೆ ಹೋಗಿ ಕೇಳಲಿ.

ಮಾರ್ಚಿಯಲ್ಲಿ ಸಾಲ ಕೇಳಿದ ಸದಸ್ಯೆಗೆ ಸಂಘ ಆ ದಿನ ದುಡ್ಡು ಕೊಡಲಿಲ್ಲ. ಎರಡು ಸಭೆ ಅವರು ಮುಖ ಊದಿಸಿಕೊಂಡೇ ಕೂತಿದ್ದರು, ನಮ್ಮನ್ನು ಮಾತಾಡಿಸಲಿಲ್ಲ. ಹುಡುಗ ಈಗ ಬೇಲೂರಿನ ಒಬ್ಬರ ಪಿಕಪ್ಪಿನಲ್ಲಿ ತರಕಾರಿ ಹೊಡೆಯುತ್ತಿದ್ದಾನೆ. ಸಂಬಳ ಖಾತೆಗೆ ಬರುತ್ತದೆ, ಲೈಸೆನ್ಸ್ ಅವನ ಜೇಬಿನಲ್ಲೇ ಇದೆ. ತಿಂಗಳಿಗೆ ಎರಡು ಸಾವಿರ ತಾಯಿಯ ಹೆಸರಿನಲ್ಲಿ ಸಂಘದಲ್ಲೇ ವಿಶೇಷ ಉಳಿತಾಯ ಕಟ್ಟುತ್ತಾನೆ. ಒಂದು ವರ್ಷ ತುಂಬಲು ಇನ್ನು ಮೂರು ತಿಂಗಳು. ಕಳೆದ ವಾರ ತಾಯಿಯೇ ನಮ್ಮನ್ನು ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, "ಸಿಸ್ಟರ್, ಆ ಹದಿನೈದ್ ಗಂಟೆ ಬುಕ್ಕು ಅಂದ್ರಲ್ಲ, ಅದ್ರ ನಂಬರ್ ಒಂದ್ ಚೀಟೀಲಿ ಬರ್ಕೊಡಿ" ಅಂತ ಕೇಳಿದರು. ಬರೆದುಕೊಟ್ಟಿದ್ದೇವೆ: ನಮೂನೆ 15.